ಎರಡು ಸಾವಿರಕ್ಕೊಂದು ತಾರೀಖು ಕೊಡಿ

ರಾಜ್ಯದ ಬಜೆಟ್ ಬರೆಯುವ ಮಾನ್ಯರಿಗೆ,

ಹುಬ್ಬಳ್ಳಿಯ ಒಬ್ಬ ಕಿರಾಣಿ ಅಂಗಡಿಯವನ ನಮಸ್ಕಾರಗಳು.

ಮೊದಲೇ ಹೇಳಿಬಿಡುತ್ತೇನೆ, ಮನೆಯ ಯಜಮಾನಿಯ ಖಾತೆಗೆ ಸರ್ಕಾರ ತಿಂಗಳಿಗೆ ಎರಡು ಸಾವಿರ ಹಾಕುವ ಗೃಹಲಕ್ಷ್ಮಿಯ ಹಣ ನಮ್ಮ ಮನೆಗೆ ಬರುವುದಿಲ್ಲ. ನಾನು ಜಿಎಸ್‌ಟಿ ರಿಟರ್ನ್ ಸಲ್ಲಿಸುವವನು, ಆದ್ದರಿಂದ ನಿಯಮದ ಪ್ರಕಾರ ನನ್ನ ಹೆಂಡತಿಗೆ ಆ ಎರಡು ಸಾವಿರ ಸಲ್ಲದು. ಓಣಿಯ ಹೆಂಗಸರೆಲ್ಲ ಮೊಬೈಲ್ ಹಿಡಿದು ಜಮೆಯ ಸಂದೇಶ ನೋಡುವಾಗ, "ನಿಮ್ಮನ್ನು ಕಟ್ಟಿಕೊಂಡು ನಾನೊಬ್ಬಳೇ ಲಕ್ಷ್ಮಿಯಿಲ್ಲದ ಗೃಹಿಣಿಯಾದೆ" ಎಂದು ಅವಳು ಒಗ್ಗರಣೆ ಹಾಕುವಾಗಲೇ ಒಂದು ಮಾತು ಸಿಡಿಸುತ್ತಾಳೆ. ಆದರೂ ಈ ಯೋಜನೆಯಲ್ಲಿ ನನಗೆ ಸ್ವಾರ್ಥವೇ ಇಲ್ಲ ಎಂದರೆ ಸುಳ್ಳಾದೀತು. ಹಳೇ ಹುಬ್ಬಳ್ಳಿಯ ನನ್ನ ಅಂಗಡಿಯಲ್ಲಿ ಒಂದು ಉದ್ರಿ ಪುಸ್ತಕವಿದೆ. ಅದರಲ್ಲಿ 63 ಮನೆಗಳ ಖಾತೆಗಳಿವೆ. ಆ ಮನೆಗಳಿಗೆ ಹಣ ಬಂದರೆ ನನ್ನ ಉದ್ರಿ ವಸೂಲಾಗುತ್ತದೆ, ಬರದಿದ್ದರೆ ಪುಟ ಉದ್ದವಾಗುತ್ತದೆ. ಈ ಪತ್ರವನ್ನು ಓದುವಾಗ ಅದು ನಿಮ್ಮ ನೆನಪಿನಲ್ಲಿರಲಿ.

ನನ್ನ ತಂದೆಯ ಕಾಲದ ಉದ್ರಿ ಪುಸ್ತಕಗಳು ಇನ್ನೂ ಅಟ್ಟದ ಮೇಲಿವೆ. ಕೆಂಪು ರಟ್ಟಿನ, ಉದ್ದನೆಯ ಪುಸ್ತಕಗಳು. ಬಿಡುವಿದ್ದಾಗ ತೆಗೆದು ನೋಡುತ್ತೇನೆ. ಆಗ ನಮ್ಮ ಗಿರಾಕಿಗಳಲ್ಲಿ ಬಹಳ ಜನ ರೈಲ್ವೆ ವರ್ಕ್‌ಶಾಪಿನವರು, ಉಳಿದವರು ಭಾರತ ಮಿಲ್ಲಿನವರು. ಅವರ ಪುಟಗಳು ಎಲ್ಲವೂ ಒಂದೇ ರೀತಿ: ತಿಂಗಳ ಪೂರ್ತಿ ಬರೆದುಕೊಂಡು ಹೋಗುವುದು, ಪಗಾರದ ದಿನ ಒಂದು ಅಡ್ಡಗೆರೆ ಎಳೆಯುವುದು. ಆ ಗೆರೆಯ ಕೆಳಗೆ ತಂದೆ "ಚುಕ್ತಾ" ಎಂದು ಬರೆದು ಎರಡು ಚುಕ್ಕೆ ಇಡುತ್ತಿದ್ದರು. ಪಗಾರ ಹೆಚ್ಚೇನೂ ಇರಲಿಲ್ಲ. ಆದರೆ ದಿನ ಗೊತ್ತಿತ್ತು. ದಿನ ಗೊತ್ತಿದ್ದುದರಿಂದ ತಂದೆ ಧೈರ್ಯವಾಗಿ ಕೊಡುತ್ತಿದ್ದರು, ಅವರು ಧೈರ್ಯವಾಗಿ ಒಯ್ಯುತ್ತಿದ್ದರು.

ಮಿಲ್ಲು ಮುಚ್ಚಿತು. ನಾನು ಗಲ್ಲೆಯ ಮೇಲೆ ಕೂರುವ ಹೊತ್ತಿಗೆ ನನ್ನ ಪುಸ್ತಕದಲ್ಲಿದ್ದವರು ಗೌಂಡಿಗಳು, ಹಮಾಲರು, ಮದುವೆ ಮಂಟಪದಲ್ಲಿ ಪಾತ್ರೆ ತೊಳೆಯುವವರು, ನಾಲ್ಕಾರು ಮನೆಗಳ ಕಸ ಮುಸುರೆ ಮಾಡುವವರು, ಎಪಿಎಂಸಿಯಲ್ಲಿ ಉಳ್ಳಾಗಡ್ಡಿ ಆರಿಸುವವರು. ಇವರಿಗೆ ಕೂಲಿ ಇದೆ, ಪಗಾರದ ದಿನ ಇಲ್ಲ. ನನ್ನ ಪುಟಗಳಲ್ಲಿ ಅಡ್ಡಗೆರೆಯೇ ಇಲ್ಲ. ಐವತ್ತು ಕೊಟ್ಟು ಎಂಬತ್ತರದು ಒಯ್ಯುತ್ತಾರೆ, ಇನ್ನೂರು ಕೊಟ್ಟು ನೂರೈವತ್ತರದು ಒಯ್ಯುತ್ತಾರೆ. ಮಳೆ ಹಿಡಿದರೆ ಹದಿನೈದು ದಿನ ಬರೀ ಒಯ್ಯುವುದೇ.

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ, ಚುನಾವಣೆಯಲ್ಲಿ ಕೊಟ್ಟ ಗ್ಯಾರಂಟಿಗಳಲ್ಲಿ ಒಂದಾದ ಗೃಹಲಕ್ಷ್ಮಿಗೆ ಚಾಲನೆ ಕೊಟ್ಟಾಗ ನಾನು ನಕ್ಕವರಲ್ಲಿ ಒಬ್ಬ. ಚುನಾವಣೆಯ ಮಾತು, ಎರಡು ತಿಂಗಳು ನಡೆದೀತು ಎಂದು ಅಂಗಡಿ ಮುಂದಿನ ಕಟ್ಟೆಯ ಮೇಲೆ ಕುಳಿತವರಿಗೆಲ್ಲ ಹೇಳಿದ್ದೆ. ಕಟ್ಟೆಯ ಮೇಲಿನವರು ಅದನ್ನು ಇನ್ನೂ ಮರೆತಿಲ್ಲ.

ನಾನು ಕಂಡ ಮೊದಲ ಬದಲಾವಣೆ ಚಹಾಪುಡಿಯದು. ಬಡವರು ದುಬಾರಿ ಸಾಮಾನು ಕೊಳ್ಳುತ್ತಾರೆ ಎಂದರೆ ನೀವು ನಂಬಲಿಕ್ಕಿಲ್ಲ, ಆದರೆ ಕಿರಾಣಿ ಅಂಗಡಿಯವರಿಗೆಲ್ಲ ಇದು ಗೊತ್ತು. ಐದು ರೂಪಾಯಿ, ಹತ್ತು ರೂಪಾಯಿಯ ಪುಟ್ಟ ಪಾಕೀಟುಗಳಲ್ಲಿ ಚಹಾಪುಡಿ, ಸೋಪಿನ ಪುಡಿ, ತಲೆಗೆ ಹಚ್ಚುವ ಎಣ್ಣೆ ಕೊಳ್ಳುವವರು ದೊಡ್ಡ ಪೊಟ್ಟಣ ಕೊಳ್ಳುವವರಿಗಿಂತ ತೂಕಕ್ಕೆ ಹೆಚ್ಚು ಕೊಡುತ್ತಾರೆ. ಅವರಿಗೆ ಲೆಕ್ಕ ಬರುವುದಿಲ್ಲವೆಂದಲ್ಲ. ಒಮ್ಮೆಗೇ ಇನ್ನೂರು ರೂಪಾಯಿ ಕೈಯಲ್ಲಿ ಇರುವುದಿಲ್ಲ, ಅಷ್ಟೇ. ಗೃಹಲಕ್ಷ್ಮಿ ಶುರುವಾದ ಎರಡು ಮೂರು ತಿಂಗಳಲ್ಲಿ ನನ್ನ ಅಂಗಡಿಯ ಮುಂದೆ ಜೋತುಬಿಟ್ಟಿರುವ ಪುಟ್ಟ ಪಾಕೀಟುಗಳ ಸರಗಳು ನಿಧಾನವಾಗಿ ಖಾಲಿಯಾಗತೊಡಗಿದವು, ಕಾಲು ಕಿಲೋ ಅರ್ಧ ಕಿಲೋ ಪೊಟ್ಟಣಗಳು ಬೇಗ ಖಾಲಿಯಾಗತೊಡಗಿದವು. ಬಾಟಲಿ ತಂದು ನೂರು ಗ್ರಾಂ ಶೇಂಗಾ ಎಣ್ಣೆ ಹಾಕಿಸಿಕೊಳ್ಳುತ್ತಿದ್ದ ಮನೆಗಳು ಲೀಟರಿನ ಪಾಕೀಟು ಒಯ್ದವು. ಆ ಮನೆಗಳು ಶ್ರೀಮಂತವಾಗಲಿಲ್ಲ. ಬಡತನಕ್ಕೆ ಕಟ್ಟುತ್ತಿದ್ದ ದಂಡ ಸ್ವಲ್ಪ ಇಳಿಯಿತು.

ಎರಡನೆಯದನ್ನು ಮೊದಲು ಗಮನಿಸಿದವಳು ನನ್ನ ಹೆಂಡತಿ. ಉದ್ರಿ ಕೇಳಲು ಮೊದಲು ಮಕ್ಕಳು ಬರುತ್ತಿದ್ದವು. "ಕಾಕಾ, ಅವ್ವ ಅರ್ಧ ಕಿಲೋ ಸಕ್ಕರೆ ಕೊಡಲು ಹೇಳಿದ್ದಾಳೆ, ಬರೆದುಕೊಳ್ಳಬೇಕಂತೆ" ಎಂದು ಒಂದೇ ಉಸಿರಿನಲ್ಲಿ ಹೇಳಿ, ಬರಣಿಯಲ್ಲಿನ ಪೇಪರಮಿಂಟಿನ ಕಡೆ ನೋಡುತ್ತ ನಿಲ್ಲುತ್ತಿದ್ದವು. ನಾನು ಇಲ್ಲವೆಂದರೆ ಆ ಮಾತು ಕೇಳಿಸಿಕೊಳ್ಳುವುದು ಮಗು, ತಾಯಿಯಲ್ಲ. ಹೀಗೆ ಮಕ್ಕಳನ್ನು ಕಳಿಸುವುದರ ಹಿಂದಿನ ಮರ್ಯಾದೆಯ ಲೆಕ್ಕ ನನಗೆ ಮೂವತ್ತು ವರ್ಷ ವ್ಯಾಪಾರ ಮಾಡಿಯೂ ಹೊಳೆದಿರಲಿಲ್ಲ. ಈಗ ತಾಯಂದಿರೇ ಬರುತ್ತಾರೆ, ಪುಸ್ತಕ ತೆಗೆಯಿರಿ ಎನ್ನುತ್ತಾರೆ, ಕೂಡಿಸಿದ್ದು ತಪ್ಪಿದೆ ಎಂದು ನನ್ನೊಡನೆ ಜಗಳಕ್ಕೂ ನಿಲ್ಲುತ್ತಾರೆ. ಒಮ್ಮೆ ತಪ್ಪಿದ್ದು ನಿಜವೇ ಆಗಿತ್ತು.

ದುಡ್ಡು ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂಬ ಮಾತನ್ನು ನನ್ನ ವ್ಯಾಪಾರಿ ಮಿತ್ರರೇ ಹೆಚ್ಚು ಆಡುತ್ತಾರೆ. ನನ್ನ ತಂಗಿಯನ್ನು ಬ್ಯಾಡಗಿಗೆ ಕೊಟ್ಟಿದೆ. ಸುಗ್ಗಿಯಲ್ಲಿ ಅಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಸಂತೆ ನಡೆದರೆ ಊರೆಲ್ಲ ಕೆಂಪಾಗುತ್ತದೆ, ಹೊಸಬರು ಬಸ್ಸಿನಿಂದ ಇಳಿದ ಕೂಡಲೇ ಸೀನುತ್ತಾರೆ. ತೊಟ್ಟು ಬಿಡಿಸುವ, ಆರಿಸುವ ಕೆಲಸ ಪೂರ್ತಿ ಹೆಂಗಸರದು. "ಗ್ಯಾರಂಟಿ ಬಂದ ಮೇಲೆ ಆಳುಗಳೇ ಸಿಗುತ್ತಿಲ್ಲ" ಎಂದು ತಂಗಿಯ ಗಂಡ ಹೇಳಿದರೆ ತಂಗಿ ಒಪ್ಪುವುದಿಲ್ಲ. ಹೆಂಗಸರು ಬರುವುದನ್ನು ಬಿಟ್ಟಿಲ್ಲ, ಮುಂಗಡ ಇಸಿದುಕೊಳ್ಳುವುದನ್ನು ಬಿಟ್ಟಿದ್ದಾರೆ ಎನ್ನುತ್ತಾಳೆ. ಮುಂಗಡ ಪಡೆಯದವರು ಯಾರ ಅಂಗಳದಲ್ಲಿ ಕೂರಬೇಕೆಂಬುದನ್ನು ತಾವೇ ಆರಿಸುತ್ತಾರೆ. ಖಾರದ ಘಾಟಿಗೆ ಕೆಮ್ಮು ಹಿಡಿದ ದಿನ ಮನೆಯಲ್ಲಿ ಉಳಿಯುತ್ತಾರೆ. ಮಾಲೀಕನಿಗೆ ಅದು ಸೋಮಾರಿತನವಾಗಿ ಕಂಡರೆ ಅವನ ಕಣ್ಣಿನ ದೋಷ.

ನನ್ನ ಮಗಳು ಧಾರವಾಡದ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿದವಳು. ಇದನ್ನು ಕೇಳಿ ಅವಳಿಗೆ ಅಚ್ಚರಿಯಾಗಲಿಲ್ಲ. 2011-12ರಲ್ಲಿ ಮಧ್ಯಪ್ರದೇಶದ ಎಂಟು ಹಳ್ಳಿಗಳಲ್ಲಿ ಸ್ವಉದ್ಯೋಗಿ ಮಹಿಳೆಯರ 'ಸೇವಾ' ಸಂಘಟನೆಯು ಯುನಿಸೆಫ್ ನೆರವಿನಿಂದ ಇಂಥದೇ ಪ್ರಯೋಗ ನಡೆಸಿತ್ತಂತೆ. ಪ್ರತಿ ವಯಸ್ಕರಿಗೆ ತಿಂಗಳಿಗೆ 200 ರೂಪಾಯಿ, ಮಗುವಿಗೆ 100, ಆಮೇಲೆ 300 ಮತ್ತು 150. ಯಾವ ಷರತ್ತೂ ಇಲ್ಲ. ಅಲ್ಲಿ ಜನ ಕೆಲಸ ಬಿಡಲಿಲ್ಲ, ಬೇರೆಯವರ ಹೊಲದ ಕೂಲಿಯಿಂದ ತಮ್ಮದೇ ಹೊಲದ ಕೆಲಸಕ್ಕೆ ಹೊರಳಿದರು. ಕೆನಡಾದ ಡಾಫಿನ್ ಎಂಬ ಸಣ್ಣ ಊರಿನಲ್ಲಿ 1970ರ ದಶಕದಲ್ಲಿ ಖಾತ್ರಿ ಆದಾಯ ಕೊಟ್ಟಾಗ ಆಸ್ಪತ್ರೆ ಸೇರುವವರ ಪ್ರಮಾಣ ಶೇ 8.5ರಷ್ಟು ಇಳಿದಿತ್ತು. ಅಮೆರಿಕದ ಸ್ಟಾಕ್ಟನ್ ನಗರದಲ್ಲಿ 2019ರಿಂದ 125 ಜನರಿಗೆ ತಿಂಗಳಿಗೆ 500 ಡಾಲರ್ ಕೊಟ್ಟರು. ಒಂದು ವರ್ಷದಲ್ಲಿ ಅವರ ಪೈಕಿ ಪೂರ್ಣಾವಧಿ ಕೆಲಸದಲ್ಲಿದ್ದವರು ಶೇ 28ರಿಂದ ಶೇ 40ಕ್ಕೆ ಏರಿದರು. ಮಗಳು ಇನ್ನೂ ಹೇಳುತ್ತಿದ್ದಳು, ಗಿರಾಕಿ ಬಂದರು. ಇಷ್ಟರ ಮಟ್ಟಿಗೆ ನಿಮಗೆ ವಕೀಲಿಕೆ ಮಾಡಿದ್ದೇನೆ.

ಇನ್ನು ಮೇಲೆ ದೂರು.

2024ರ ಸಂಕ್ರಾಂತಿಗೆ ನಮ್ಮ ಓಣಿಯ ಹತ್ತು ಹೆಂಗಸರು ಸೇರಿ ಒಂದು ಭಿಶಿ ಹಾಕಿದರು. ಬೆಂಗಳೂರು ಕಡೆಯವರು ಇದನ್ನು ಚೀಟಿ ಎನ್ನುತ್ತಾರೆ. ತಲೆಗೆ ಸಾವಿರದಂತೆ ತಿಂಗಳಿಗೆ ಹತ್ತು ಸಾವಿರ ಕೂಡುತ್ತದೆ, ಹೆಸರು ಬರೆದ ಚೀಟಿಗಳಲ್ಲಿ ಒಂದನ್ನು ಮಗುವಿನ ಕೈಯಿಂದ ಎತ್ತಿಸುತ್ತಾರೆ, ಬಂದವರಿಗೆ ಆ ತಿಂಗಳ ಗಂಟು. ಹತ್ತು ತಿಂಗಳಿಗೆ ಒಂದು ಸುತ್ತು. ಗೃಹಲಕ್ಷ್ಮಿಯ ಎರಡು ಸಾವಿರದಲ್ಲಿ ಅರ್ಧ ಭಿಶಿಗೆ, ಅರ್ಧ ಮನೆಗೆ ಎಂದು ಅವರೇ ಮಾಡಿಕೊಂಡ ಕರಾರು. ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಉದ್ರಿ ಪುಸ್ತಕದ ಕೊನೆಯ ಪುಟಗಳಲ್ಲಿ ಹತ್ತು ಕಾಲಂ ಎಳೆದುಕೊಟ್ಟೆ.

ಮೊದಲ ಗಂಟು ಎತ್ತಿದವರು ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುವ ಒಬ್ಬ ಅಕ್ಕ. ಸುಗ್ಗಿಯಲ್ಲಿ ದರ ಇಳಿದಾಗ ಅವರು ಜೋಳವನ್ನು ಚೀಲದ ಮೇಲೆ ಕೊಂಡರು. ಅಲ್ಲಿಯವರೆಗೆ ನನ್ನ ಬಳಿಯೇ ಐದೈದು ಕಿಲೋ ಒಯ್ಯುತ್ತಿದ್ದರು. ನನ್ನ ವ್ಯಾಪಾರ ಹೋಯಿತು, ಅವರ ರೊಟ್ಟಿಯ ಲಾಭ ಉಳಿಯಿತು. ಇನ್ನೊಬ್ಬರು ಒತ್ತೆಯಲ್ಲಿದ್ದ ಬೆಂಡೋಲೆ ಬಿಡಿಸಿಕೊಂಡರು. ಮತ್ತೊಬ್ಬರು ಹೊಲಿಗೆ ಯಂತ್ರ ತಂದರು. ಕೀನ್ಯಾದ ಹಳ್ಳಿಗಳಲ್ಲಿ 12 ವರ್ಷ ತಿಂಗಳು ತಿಂಗಳು ಹಣ ಕೊಡುವ ದೊಡ್ಡ ಪ್ರಯೋಗವೊಂದು ನಡೆಯುತ್ತಿದೆ, ಅಲ್ಲಿಯೂ ಜನ ತಮ್ಮಷ್ಟಕ್ಕೆ ತಾವೇ ಹೀಗೆ ಗುಂಪು ಕಟ್ಟಿ ಸಣ್ಣ ಕಂತನ್ನು ದೊಡ್ಡ ಗಂಟಾಗಿ ಮಾಡಿಕೊಂಡಿದ್ದಾರೆ ಎಂದು ಮಗಳು ಹೇಳಿದಾಗ ನನಗೆ ನಮ್ಮ ಓಣಿಯ ಬಗ್ಗೆ ಹೆಮ್ಮೆಯೇ ಆಯಿತು.

ಜೂನ್‌ವರೆಗೆ ಆರು ಗಂಟು ಎತ್ತಿದರು. ಜುಲೈಯಲ್ಲಿ ಹಣ ಬರಲಿಲ್ಲ. ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಬರೆಸಿಕೊಂಡು ಬಂದರು, ಇಲ್ಲ. ಆಧಾರ್ ಜೋಡಣೆಯಾಗಿಲ್ಲವೇನೋ ಎಂದು ಇಬ್ಬರು ಕೂಲಿ ಬಿಟ್ಟು ಸಾಲಿನಲ್ಲಿ ನಿಂತರು, ಜೋಡಣೆ ಸರಿಯಾಗಿಯೇ ಇತ್ತು. ಪಂಚಮಿ ಬಂತು. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ, ತವರಿಗೆ ಬಂದವರಿಗೆ ಉಂಡಿ ಕಟ್ಟಬೇಕು, ಜೋಕಾಲಿ ಹಾಕಬೇಕು. ಆ ವಾರ ನನ್ನ ಉದ್ರಿ ಪುಸ್ತಕದಲ್ಲಿ ಬೆಲ್ಲ, ಎಳ್ಳು, ಪುಠಾಣಿ, ಶೇಂಗಾ ಬಿಟ್ಟರೆ ಬೇರೇನೂ ಇಲ್ಲ. ಭಿಶಿಯ ಏಳನೇ ಕಾಲಂ ಖಾಲಿ ಉಳಿಯಿತು.

ಲೆಕ್ಕ ಸುಲಭ. ಗಂಟು ಎತ್ತಿದ ಆರು ಜನ ತಾವು ಹಾಕಿದ್ದಕ್ಕಿಂತ ತಲಾ ನಾಲ್ಕು ಸಾವಿರ ಹೆಚ್ಚು ಪಡೆದಿದ್ದರು. ಎತ್ತದ ನಾಲ್ವರದು ತಲಾ ಆರು ಸಾವಿರ ಸಿಕ್ಕಿಕೊಂಡಿತ್ತು. ಆ ಕಡೆ 24,000, ಈ ಕಡೆ 24,000. ಪುಸ್ತಕದಲ್ಲಿ ಎರಡೂ ಬದಿ ಚೊಕ್ಕಟವಾಗಿ ಹೊಂದುತ್ತವೆ, ಓಣಿಯಲ್ಲಿ ಹೊಂದಲಿಲ್ಲ. ನಳದ ಮುಂದೆ ಮಾತು ನಿಂತವು. ಎತ್ತದವರಲ್ಲಿ ಒಬ್ಬರು ಮಗಳನ್ನು ಕಾಲೇಜಿಗೆ ಸೇರಿಸಲು ಆ ಗಂಟನ್ನೇ ನಂಬಿದ್ದರು. ಶುಲ್ಕ ಕಟ್ಟುವ ಕೊನೆಯ ದಿನ ಕಾಯುವುದಿಲ್ಲವಲ್ಲ, ವಾರದ ಬಡ್ಡಿಯವನ ಹತ್ತಿರ ಐದು ಸಾವಿರ ತೆಗೆದುಕೊಂಡರು. ಅವನು ಐನೂರು ಮುರಿದುಕೊಂಡು ನಾಲ್ಕೂವರೆ ಸಾವಿರ ಕೈಗಿಟ್ಟ.

ದಸರೆಯ ಹೊತ್ತಿಗೆ ಎರಡು ಕಂತು ಒಟ್ಟಿಗೆ ಜಮೆಯಾದವು. ನಾಲ್ಕು ಸಾವಿರ. ಆ ತಾಯಿ ಹಣ ಬಿಡಿಸಿಕೊಂಡು ಬಂದು ನನ್ನ ಅಂಗಡಿಯ ಮುಂದೆಯೇ ಅದನ್ನು ಬಡ್ಡಿಯವನಿಗೆ ಎಣಿಸಿಕೊಟ್ಟರು.

ನಿಮ್ಮ ದಫ್ತರಿನಲ್ಲಿ ಆ ಎರಡು ತಿಂಗಳ ಲೆಕ್ಕ ಸರಿಯಾಗಿಯೇ ಇದೆ. ಫಲಾನುಭವಿಗೆ ಸಲ್ಲಬೇಕಾದ 4,000 ರೂಪಾಯಿ ಸಂದಿದೆ, ತಡವಾಗಿದೆ ಅಷ್ಟೇ. ನಾನು ಈ ಪತ್ರ ಬರೆಯುತ್ತಿರುವುದೇ ಆ 'ಅಷ್ಟೇ'ಗಾಗಿ. ಗ್ಯಾರಂಟಿ ಎಂಬ ಹೆಸರನ್ನು ಇಟ್ಟವರು ನೀವು. ನಮ್ಮ ಪೇಟೆಯಲ್ಲಿ ಗ್ಯಾರಂಟಿ ಕೊಟ್ಟ ಮಾಲು ಕೆಟ್ಟರೆ ಬದಲಿಸಿ ಕೊಡುತ್ತೇವೆ, ಎಂದೋ ಒಂದು ದಿನ ಸರಿಹೋದೀತು ಎನ್ನುವುದಿಲ್ಲ.

ಸರ್ಕಾರಿ ನೌಕರರಿಗೆ ಬ್ಯಾಂಕಿನವರು ಮನೆಗೆ ಬಂದು ಸಾಲ ಕೊಡುತ್ತಾರೆ. ಏಕೆ? ಸಂಬಳದ ಚೀಟಿ ಇದೆ, ಸಂಬಳಕ್ಕೆ ದಿನವಿದೆ. ಆ ದಿನವೇ ಅವರ ಜಾಮೀನು. ಗೃಹಲಕ್ಷ್ಮಿ ಸರಿಯಾಗಿ ಬರುತ್ತಿದ್ದ ತಿಂಗಳುಗಳಲ್ಲಿ ಪಾತ್ರೆ ತೊಳೆಯುವ ಹೆಂಗಸಿಗೂ ಹುಟ್ಟಿನಲ್ಲಿ ಮೊದಲ ಬಾರಿ ಅಂಥದೊಂದು ಜಾಮೀನು ದೊರೆತಿತ್ತು. ನಾನು ಅದನ್ನು ನಂಬಿ ಉದ್ರಿ ಕೊಟ್ಟೆ, ಅವರು ಒಬ್ಬರನ್ನೊಬ್ಬರು ನಂಬಿ ಭಿಶಿ ಹಾಕಿದರು. ಎರಡು ಸಾವಿರ ರೂಪಾಯಿ ಹತ್ತು ಸಾವಿರದ ಕೆಲಸ ಮಾಡಿದ್ದು ಹೀಗೆ. ದಿನ ತಪ್ಪಿದಾಗ ಎರಡು ಸಾವಿರದ ಬೆಲೆ ಎರಡು ಸಾವಿರಕ್ಕಿಂತ ಕೆಳಗಿಳಿಯುತ್ತದೆ, ಏಕೆಂದರೆ ಅದು ಬರುವ ಮೊದಲೇ ಅದರ ಮೇಲೆ ಬಡ್ಡಿ ಕುಳಿತಿರುತ್ತದೆ.

ಸಾಲದ ವಿಷಯದಲ್ಲಿ ಈ ಸೀಮೆಯವರಿಗೆ ಪಾಠ ಹೇಳಬೇಕಾಗಿಲ್ಲ. ಬಡ್ಡಿಯವರ ಕೈಯಿಂದ ರೈತರನ್ನು ಬಿಡಿಸಲು 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದವರು. ಅಲ್ಲಿಂದ ಸುಮಾರು 120 ವರ್ಷಗಳ ಮೇಲೆ, 2025ರ ಜನವರಿಯಲ್ಲಿ, ಮೈಕ್ರೋಫೈನಾನ್ಸ್ ವಸೂಲಿಯ ಕಾಟ ತಾಳಲಾರದೆ ಹಾವೇರಿ ಜಿಲ್ಲೆಯ ಹೆಂಗಸರು ತಮ್ಮ ಮಾಂಗಲ್ಯವನ್ನೇ ಅಂಚೆಯಲ್ಲಿ ಮುಖ್ಯಮಂತ್ರಿಗಳಿಗೆ ಕಳಿಸಿದರು. ಮರುತಿಂಗಳೇ ಸುಗ್ರೀವಾಜ್ಞೆ ಬಂತು, ಒಳ್ಳೆಯದಾಯಿತು. ಆದರೆ ಅದೇ ಫೆಬ್ರುವರಿಯ ಮತ್ತು ಮಾರ್ಚಿನ ಗೃಹಲಕ್ಷ್ಮಿ ಕಂತುಗಳು ಜಮೆಯಾಗಿಲ್ಲವೆಂದು ಆ ವರ್ಷದ ಡಿಸೆಂಬರಿನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ಸರ್ಕಾರವೇ ಒಪ್ಪಿಕೊಳ್ಳಬೇಕಾಯಿತು. ವಸೂಲಿಗೆ ಬರುವವನನ್ನು ಕಾನೂನಿನಿಂದ ತಡೆದಿರಿ. ಅವನ ಬಾಗಿಲಿಗೆ ಹೆಂಗಸರನ್ನು ಕಳಿಸುವ ಕೈಗಳಲ್ಲಿ ತಡವಾದ ಕಂತಿನದೂ ಒಂದು ಎಂಬುದು ನಿಮಗೆ ಕಾಣಲಿಲ್ಲ.

ಖಜಾನೆಯ ಕಷ್ಟ ನನಗೆ ತಿಳಿಯದ್ದೇನೂ ಅಲ್ಲ. 2025-26ರ ಬಜೆಟ್‌ನಲ್ಲಿ ಐದು ಗ್ಯಾರಂಟಿಗಳಿಗೆ 51,034 ಕೋಟಿ ರೂಪಾಯಿ, ಅದರಲ್ಲಿ ಗೃಹಲಕ್ಷ್ಮಿಯೊಂದಕ್ಕೇ 28,608 ಕೋಟಿ ತೆಗೆದಿಟ್ಟಿದ್ದೀರಿ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 2,400 ಕೋಟಿ. ಅಷ್ಟು ದುಡ್ಡನ್ನು ಪ್ರತಿ ತಿಂಗಳು ಹೊಂದಿಸುವುದು ಹುಡುಗಾಟವಲ್ಲ. ನನ್ನಂಥ ವ್ಯಾಪಾರಿಗಳು ಕಟ್ಟುವ ತೆರಿಗೆಯೂ ಅದರಲ್ಲಿದೆ, ಅದು ಎಲ್ಲಿ ಹೋಗುತ್ತದೆ ಎಂದು ಗೊಣಗುವ ಹಕ್ಕನ್ನು ನಾನಂತೂ ಬಿಟ್ಟುಕೊಡುವುದಿಲ್ಲ. ಹೊಂದಿಸಲಾಗದಿದ್ದರೆ ಹಾಗೆಂದು ಹೇಳಿ. ಆಳುವವರು ಯಾರೇ ಇರಲಿ, ನನ್ನ ಬೇಡಿಕೆ ಹೆಚ್ಚಿನ ಹಣದ್ದಲ್ಲ. 2023ರ ಎರಡು ಸಾವಿರ ಇಂದಿಗೂ ಎರಡು ಸಾವಿರವೇ ಇದೆ, ನನ್ನ ಅಂಗಡಿಯ ಎಣ್ಣೆ ಬೇಳೆಗಳ ದರ ಹಾಗೆ ನಿಂತಿಲ್ಲ ಎಂಬುದನ್ನು ನೀವೇ ಒಂದು ದಿನ ಲೆಕ್ಕ ಹಾಕುವಿರಿ ಎಂದು ಬಿಟ್ಟುಬಿಡುತ್ತೇನೆ.

ನಾನು ಕೇಳುವುದು ತಾರೀಖು. ಪ್ರತಿ ತಿಂಗಳು ಹತ್ತನೆಯದೋ ಹದಿನೈದನೆಯದೋ, ನಿಮಗೆ ಅನುಕೂಲವಾದ ಯಾವುದಾದರೂ ಒಂದು ದಿನ. ಅದನ್ನು ಆದೇಶದಲ್ಲಿ ಬರೆಯಿರಿ, ನ್ಯಾಯಬೆಲೆ ಅಂಗಡಿಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿ. ಆ ದಿನ ಆಗದು ಎಂದು ನಿಮಗೆ ಮೊದಲೇ ಗೊತ್ತಿದ್ದರೆ, ಹದಿನೈದು ದಿನ ಮುಂಚೆ ಮೊಬೈಲಿಗೆ ಕನ್ನಡದಲ್ಲಿ ಒಂದು ಸಾಲು ಕಳಿಸಿ: ಈ ತಿಂಗಳದ್ದು ಇಂಥ ದಿನ ಬರುತ್ತದೆ ಎಂದು. ಹಣ ಹಾಕಿದಾಗ ಅದು ಯಾವ ತಿಂಗಳ ಕಂತು ಎಂಬುದನ್ನೂ ಬರೆಯಿರಿ. ಈಗ ಯಾವುದು ಬಂತು, ಯಾವುದು ಬಾಕಿ ಎಂದು ಕೇಳಿಕೊಂಡು ನನ್ನ ಅಂಗಡಿಗೆ ಬರುತ್ತಾರೆ. ಬಾಕಿ ಉಳಿದವನ್ನು ಹಬ್ಬಕ್ಕೋ ಚುನಾವಣೆಗೋ ಒಟ್ಟಿಗೆ ಸುರಿಯುವ ಬದಲು, ಯಾವ ಯಾವ ದಿನ ತೀರಿಸುತ್ತೀರಿ ಎಂದು ಬರೆದು ಕೊಡಿ. ನನ್ನ ಗಿರಾಕಿಗಳು ನನಗೆ ಹಾಗೆಯೇ ಬರೆದು ಕೊಡುತ್ತಾರೆ, ಬಹುಪಾಲು ನಡೆಸಿಕೊಡುತ್ತಾರೆ ಕೂಡ.

ಇನ್ನೊಂದು ಸಣ್ಣ ಮಾತು. ನಮ್ಮ ಪಕ್ಕದ ಓಣಿಯಲ್ಲಿ ಯಜಮಾನಿಯಾಗಿದ್ದ ಅತ್ತೆ ತೀರಿಕೊಂಡರು. ಸೊಸೆಯ ಹೆಸರಿಗೆ ಪಡಿತರ ಚೀಟಿ ಬದಲಾಗಿ, ಹೊಸ ಅರ್ಜಿ ಹಾಕಿ, ಹಣ ಮತ್ತೆ ಶುರುವಾಗುವಷ್ಟರಲ್ಲಿ ವರ್ಷದ ತಿಥಿ ಮುಗಿದಿತ್ತು. ಮನೆ ಅದೇ, ಒಲೆ ಅದೇ. ಕಾರ್ಡಿನ ಮೇಲಿನ ಹೆಸರೊಂದು ಬದಲಾಗಲು ಇಷ್ಟು ಕಾಲ ಬೇಕೆ ಎಂಬುದನ್ನು ಸಂಬಂಧಪಟ್ಟವರು ನೋಡಬೇಕು.

ಭಿಶಿಯ ಕಥೆ ಅರ್ಧಕ್ಕೆ ಬಿಟ್ಟೆ. ಗಂಟು ಎತ್ತಿದ್ದ ಆರು ಜನರಲ್ಲಿ ನಾಲ್ವರು ಇನ್ನೂರು ಮುನ್ನೂರರಂತೆ ಕೊಟ್ಟು ತಮ್ಮ ಪಾಲು ತೀರಿಸಿದ್ದಾರೆ. ಒಬ್ಬರು ಊರು ಬಿಟ್ಟರು. ರೊಟ್ಟಿ ಮಾಡುವ ಅಕ್ಕ ಆ ಮನೆಯ ಬಾಕಿಯಲ್ಲೂ ಒಂದು ಸಾವಿರವನ್ನು ತಮ್ಮ ಕೈಯಿಂದ ಹಾಕಿದರು, ನಾನೇ ಎಲ್ಲರನ್ನೂ ಕೂಡಿಸಿದವಳು ಎಂದು. ಹೋದ ವಾರ ಅವರು ಬೆಲ್ಲ ಒಯ್ಯಲು ಬಂದಾಗ, ಮತ್ತೊಂದು ಸುತ್ತು ಭಿಶಿ ಹಾಕುವುದಿಲ್ಲವೇ ಎಂದು ಕೇಳಿದೆ.

"ಹಾಕೋಣ ಕಾಕಾ" ಎಂದರು. "ಎಷ್ಟನೇ ತಾರೀಖಿಗೆ ಇಟ್ಟುಕೊಳ್ಳೋಣ, ನೀವೇ ಹೇಳಿ."

ಇಂತಿ ತಮ್ಮ ವಿಶ್ವಾಸಿ,
ಹಳೇ ಹುಬ್ಬಳ್ಳಿಯ ಒಬ್ಬ ಕಿರಾಣಿ ವ್ಯಾಪಾರಿ